ಇನ್ನೂ ನೆಲಕ್ಕೆ ಬೀಳದ ನಾಣ್ಯ

"ಇನ್ನೂರು ಕೊಡವ್ವ, ಸಾಕು" ಅಂದರು ಚಿಕ್ಕಪ್ಪ. ಕಾರ್ಡಿನ ಮೊದಲನೇ ಸಾಲಿನ ಮೇಲೆ ಬೆರಳಿಟ್ಟವರು ಆ ಬೆರಳನ್ನು ಅಲ್ಲಿಂದ ಎತ್ತಲೇ ಇಲ್ಲ.

ಹೋದ ಭಾನುವಾರದ ಮಾತು. ನನ್ನ ಗೆಳತಿಯ ಮಗಳು ಅರ್ಥಶಾಸ್ತ್ರದಲ್ಲಿ ಸಂಶೋಧನೆ ಮಾಡುತ್ತಿದ್ದಾಳೆ. ದುಡ್ಡಿನ ವಿಷಯದಲ್ಲಿ ಜನ ಎಷ್ಟು ರಿಸ್ಕ್ ತಗೊಳ್ತಾರೆ, ಎಲ್ಲಿ ಹಿಂದೆ ಸರೀತಾರೆ ಅನ್ನೋದು ಅವಳ ವಿಷಯ. ಸರ್ವೆ ಶುರು ಮಾಡುವ ಮುಂಚೆ ನಾಲ್ಕಾರು ಜನರ ಹತ್ತಿರ ಕಾರ್ಡು ಆಡಿಸಿ ನೋಡಬೇಕಿತ್ತು. ಗುರುತಿಲ್ಲದ ಊರಿಗೆ ಹೋಗಿ "ಬನ್ನಿ, ನಾಣ್ಯ ಚಿಮ್ಮೋಣ, ದುಡ್ಡು ಕೊಡ್ತೀನಿ" ಅಂದರೆ ಯಾರು ನಂಬುತ್ತಾರೆ? ಅದಕ್ಕೆ ನಾನೇ ದಾವಣಗೆರೆಯಿಂದ ಬೆಳಗಿನ ಬಸ್ಸಿಗೆ ಅವಳನ್ನು ಹತ್ತಿಸಿಕೊಂಡು ಚಳ್ಳಕೆರೆ ತಾಲ್ಲೂಕಿನ ನಮ್ಮೂರಿಗೆ ಹೋದೆ.

ಕಾರ್ಡಿನಲ್ಲಿ ಆರು ಸಾಲು. ಮೊದಲನೇ ಸಾಲಿನಲ್ಲಿ ನಾಣ್ಯದ ಅಂಕಿ ಬಿದ್ದರೂ 200, ಸಿಂಹ ಬಿದ್ದರೂ 200. ಎರಡನೇದರಲ್ಲಿ ಅಂಕಿ ಬಿದ್ದರೆ 180, ಸಿಂಹ ಬಿದ್ದರೆ 380. ಮೂರನೇದು 160, 480. ಆಮೇಲೆ 120, 600. ಐದನೇದು 40, 760. ಕೊನೆಯದರಲ್ಲಿ ಅಂಕಿ ಬಿದ್ದರೆ ಸೊನ್ನೆ, ಸಿಂಹ ಬಿದ್ದರೆ 800. ಒಂದು ಸಾಲು ಆರಿಸಬೇಕು. ಆಮೇಲೆ ನಾಣ್ಯ ಚಿಮ್ಮಬೇಕು. ಬಂದಷ್ಟು ದುಡ್ಡು ಅಲ್ಲೇ ಕೈಗೆ.

ಮೊದಲು ಕೂತದ್ದು ನನ್ನ ತಮ್ಮನ ವರಸೆಯ ಹುಡುಗ. ಕಾರ್ಡು ಪೂರ್ತಿ ನೋಡಲೂ ಇಲ್ಲ, "ಎಂಟುನೂರು" ಅಂದ. ಅಂಕಿ ಬಿತ್ತು. ನಗುತ್ತಾ ಎದ್ದು ಹೋದ. ಅವನ ಬಗ್ಗೆ ನನಗೆ ಒಳ್ಳೆ ಅಭಿಪ್ರಾಯ ಇಲ್ಲ ಅಂತ ಇಲ್ಲೇ ಹೇಳಿಬಿಡುತ್ತೇನೆ. ಹೊತ್ತು ಹೊತ್ತಿಗೆ ಊಟ ಅಪ್ಪನ ಮನೆಯಲ್ಲಿ ಸಿಗುತ್ತೆ, ಹೊಲದ ಲೆಕ್ಕ ಅವನ ತಲೆಗೆ ಬಂದಿಲ್ಲ. ಸೊನ್ನೆ ಬಂದರೂ ಅವನ ರಾತ್ರಿಯ ಊಟ ಬದಲಾಗಲ್ಲ.

ಆಮೇಲೆ ಪಕ್ಕದ ಮನೆ ಅಕ್ಕ ಬಂದಳು. ಗಂಡ ಇಲ್ಲ, ಕೂಲಿಗೆ ಹೋಗಿ ಇಬ್ಬರು ಮಕ್ಕಳನ್ನು ಓದಿಸುತ್ತಿದ್ದಾಳೆ. ಅವಳು ಕಾರ್ಡು ಹಿಡಿದು ಬಹಳ ಹೊತ್ತು ಕೂತಳು. ತುಟಿ ಅಲ್ಲಾಡುತ್ತಿತ್ತು. "ನೂರರವತ್ತಂತೂ ಎಲ್ಲೂ ಹೋಗಲ್ಲ ಅಲ್ವಾ?" ಅಂತ ಎರಡು ಸಲ ಕೇಳಿ ಮೂರನೇ ಸಾಲು ತೋರಿಸಿದಳು. ಸಿಂಹ ಬಿತ್ತು. ನಾನೂರ ಎಂಬತ್ತು ರೂಪಾಯಿಯನ್ನು ನಾಲ್ಕು ಮಡಿಕೆ ಮಾಡಿ ಸೆರಗಿನ ತುದಿಗೆ ಗಂಟು ಹಾಕಿದಳು. ಅವಳ ಮುಖ ನೋಡಿ ನನಗೇ ದುಡ್ಡು ಬಂದಷ್ಟು ಖುಷಿಯಾಯಿತು.

ಕೊನೆಗೆ ಚಿಕ್ಕಪ್ಪ. ಇನ್ನೂರು ಸಾಕು ಅಂದರು.

ಎರಡನೇ ಸಾಲು ನೋಡಿ. ಕೆಟ್ಟರೂ 180 ಬರುತ್ತೆ. ಕಳೆದುಕೊಳ್ಳೋದು ಬರೀ 20 ರೂಪಾಯಿ, ಗೆದ್ದರೆ 180 ಜಾಸ್ತಿ. ಲೆಕ್ಕ ಬಲ್ಲ ಯಾರಾದರೂ ಅದನ್ನಾದರೂ ಆರಿಸಬೇಕಲ್ವಾ? ನನಗೂ ಹಾಗೇ ಅನ್ನಿಸಿತು. ಇಪ್ಪತ್ತು ರೂಪಾಯಿಗೆ ಹೆದರಿಬಿಟ್ಟರಲ್ಲ ಅಂತ ಮನಸ್ಸಿನಲ್ಲೇ ಅಂದುಕೊಂಡೆ. ಹುಡುಗಿ ತನ್ನ ಹಾಳೆಯಲ್ಲಿ ಒಂದು ಚೌಕಕ್ಕೆ ಟಿಕ್ ಹಾಕಿದಳು. ಪಕ್ಕದಲ್ಲೇ ಕೂತಿದ್ದೆ, ಓದಿದೆ. "ಅಪಾಯಕ್ಕೆ ಅತಿ ಹೆಚ್ಚು ಹಿಂಜರಿಯುವವರು."

ಟಿಕ್ ಹಾಕಿದ ಮೇಲೆ ಅವಳು ಕೇಳಿದಳು, "ಯಾಕೆ ತಾತ ಮೊದಲನೇದೇ ಆರಿಸಿಕೊಂಡ್ರಿ?"

ಚಿಕ್ಕಪ್ಪ ಟವೆಲಿನಲ್ಲಿ ಮುಖ ಒರೆಸಿಕೊಂಡರು. "ಈ ವರ್ಷದ ನಾಣ್ಯ ಆಗಲೇ ತೂರಿಬಿಟ್ಟೀನಿ ಕಣವ್ವ. ಅದಿನ್ನೂ ನೆಲಕ್ಕೆ ಬಿದ್ದಿಲ್ಲ."

ಅಷ್ಟೇ. ಎದ್ದು ಎಮ್ಮೆಗೆ ಹುಲ್ಲು ಹಾಕೋಕೆ ಹೋದರು.

ಅವರು ತೂರಿದ ನಾಣ್ಯ ಯಾವುದು ಅಂತ ನನಗೆ ಗೊತ್ತು. ನಾಲ್ಕು ಎಕರೆ ಶೇಂಗಾ ಮಳೆಯನ್ನೇ ನಂಬಿಕೊಂಡಿದೆ. ಒಂದೂವರೆ ಎಕರೆ ಈರುಳ್ಳಿ ಬೋರ್ ನೀರಿನ ಮೇಲೆ ನಿಂತಿದೆ. ಆ ಬೋರ್ ಮೂರನೇದು. ಮೊದಲ ಎರಡು ಫೇಲ್ ಆದವು, ಬರೀ ಧೂಳು ಬಂತು. ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ಪಾಯಿಂಟ್ ಹಾಕಿಕೊಟ್ಟವರು ಎರಡು ಸಲವೂ ದಕ್ಷಿಣೆ ತಗೊಂಡು ಹೋಗಿದ್ದರು. ಮೂರನೇದು 680 ಅಡಿಗೆ ಒಂದೂವರೆ ಇಂಚು ನೀರು ಕೊಟ್ಟಿತು. ಚಿಕ್ಕಮ್ಮನ ಸರ ಇನ್ನೂ ಗಿರವಿಯಲ್ಲೇ ಇದೆ. ಈರುಳ್ಳಿಗೆ ಬೀಜ, ಗೊಬ್ಬರ, ಕಳೆ, ಔಷಧಿ ಸೇರಿ ಆಗಲೇ ಎಪ್ಪತ್ತು ಸಾವಿರ ಹೋಗಿದೆ. ಕೊಳೆರೋಗ ಬಂದರೆ ಕಥೆ ಮುಗಿಯಿತು. ಬರದಿದ್ದರೂ ಲೋಡು ಯಶವಂತಪುರ ಮುಟ್ಟುವ ದಿನ ಅಲ್ಲಿ ಏನು ರೇಟು ಅನ್ನೋದು ಯಾರ ಕೈಯಲ್ಲೂ ಇಲ್ಲ.

ಇಂಥ ಮನುಷ್ಯನ ಹೆಸರಿನ ಮುಂದೆ ಆ ಟಿಕ್.

ವಾಪಸ್ ಬರುವಾಗ ಚಿತ್ರದುರ್ಗ ದಾಟಿ ಗುಡ್ಡದ ಮೇಲಿನ ಗಾಳಿಯಂತ್ರಗಳು ಹಿಂದೆ ಸರಿಯುವವರೆಗೂ ಇಬ್ಬರೂ ಮಾತಾಡಲಿಲ್ಲ. ಆಮೇಲೆ ಅವಳೇ ಬಾಯಿ ಬಿಟ್ಟಳು. "ಆಂಟಿ, ತಾತ ಹೇಳಿದ್ದಕ್ಕೆ ನಮ್ಮಲ್ಲೂ ಒಂದು ಹೆಸರಿದೆ. ಹಿನ್ನೆಲೆಯ ಅಪಾಯ ಅಂತೀವಿ." ತಲೆ ಮೇಲೆ ಆಗಲೇ ಒಂದು ದೊಡ್ಡ ಅನಿಶ್ಚಯ ತೂಗುತ್ತಿದ್ದರೆ, ಮನುಷ್ಯ ಎದುರಿಗೆ ಬಂದ ಸಣ್ಣ ಜೂಜನ್ನೂ ಬೇಡ ಅನ್ನುವುದು ಸಹಜವಂತೆ.

ಈ ಕಾರ್ಡಿನ ಮೂಲವನ್ನೂ ಹೇಳಿದಳು. ಹಾನ್ಸ್ ಬಿನ್ಸ್‌ವಾಂಗರ್ ಅನ್ನುವ ಅರ್ಥಶಾಸ್ತ್ರಜ್ಞರು 1970ರ ದಶಕದ ಕೊನೆಯಲ್ಲಿ, ಹೈದರಾಬಾದ್ ಹತ್ತಿರದ ಇಕ್ರಿಸ್ಯಾಟ್ ಅನ್ನುವ ಬೆಳೆ ಸಂಶೋಧನಾ ಸಂಸ್ಥೆಯಲ್ಲಿದ್ದಾಗ, ಮಹಾರಾಷ್ಟ್ರ ಮತ್ತು ಆಗಿನ ಆಂಧ್ರದ ಮಳೆಯಾಶ್ರಿತ ಹಳ್ಳಿಗಳಲ್ಲಿ ಇದನ್ನು ಆಡಿಸಿದರು. 1980ರಲ್ಲಿ ಅದು ಅಚ್ಚಾಯಿತು. ಅವರ ದೊಡ್ಡ ಆಟದ ಕಾರ್ಡಿನ ಮೊದಲ ಸಾಲು 50, 50 ರೂಪಾಯಿ. ಕೊನೆಯದು 0, 200. ಅದನ್ನೇ ಇವಳು ನಾಲ್ಕರಿಂದ ಗುಣಿಸಿದ್ದಾಳೆ. ಐವತ್ತು ಪೈಸೆಯ ಆಟದಿಂದ ಶುರು ಮಾಡಿ ಮೊತ್ತ ಏರಿಸುತ್ತಾ ಹೋದರಂತೆ. ದೊಡ್ಡ ಆಟದಲ್ಲಿ ಸಿಗಬಹುದಾಗಿದ್ದದ್ದು ಆಗಿನ ಕೂಲಿಯವರ ತಿಂಗಳ ದುಡಿಮೆಗಿಂತ ಜಾಸ್ತಿ. ಮೊತ್ತ ದೊಡ್ಡದಾದಾಗ ಬಹಳಷ್ಟು ಜನ ನಡುವಿನ ಸಾಲುಗಳಿಗೆ ಬಂದು ನಿಂತರು. ಉಳ್ಳವರು, ಇಲ್ಲದವರು ಅಂತ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ಸೆರಗಿಗೆ ಗಂಟು ಹಾಕಿದ ನಮ್ಮ ಅಕ್ಕನೂ ನಡುವಿನ ಸಾಲನ್ನೇ ಹಿಡಿದಿದ್ದಳು.

ಹಾಗಾದರೆ ಒಬ್ಬ ರೈತ ಹೊಸ ತಳಿ, ಗೊಬ್ಬರ ಅಂತ ದುಡ್ಡು ಹಾಕ್ತಾನೆ, ಇನ್ನೊಬ್ಬ ಹಾಕಲ್ಲ. ಯಾಕೆ? ಧೈರ್ಯದ ಲೆಕ್ಕದಿಂದ ಇದನ್ನು ಬಿಡಿಸೋಕಾಗಲ್ಲ, ಸಾಲ ಸಿಗುತ್ತಾ, ಮಾರ್ಕೆಟ್ಟು ಕೈಗೆಟುಕುತ್ತಾ, ತಿಳಿಸಿ ಹೇಳುವವರಿದ್ದಾರಾ ಅನ್ನೋದನ್ನು ನೋಡಿ ಅಂತ ಬಿನ್ಸ್‌ವಾಂಗರ್ ಬರೆದರಂತೆ. ಬಸ್ಸಿನಲ್ಲಿ ಇದನ್ನು ಕೇಳಿದಾಗ ನನ್ನ ಹೊಟ್ಟೆಯೊಳಗೆ ಏನೋ ಕಿವುಚಿದ ಹಾಗಾಯಿತು.

ಯಾಕೆಂದರೆ ಎಂಟು ವರ್ಷದ ಹಿಂದೆ ನಾನೇ ಚಿಕ್ಕಪ್ಪನಿಗೆ ಒಂದು ಮಾತು ಅಂದಿದ್ದೆ. ಹಿರಿಯೂರಿನ ಕಡೆ ನಮ್ಮ ನೆಂಟರು ದಾಳಿಂಬೆ ಹಾಕಿ ನಾಲ್ಕು ಕಾಸು ನೋಡಿದ್ದರು. ನೀವೂ ಹಾಕಿ ಅಂದೆ. ಅವರು ಬೇಡ ಅಂದರು. ಹಬ್ಬದ ಊಟಕ್ಕೆ ಎಲ್ಲರೂ ಕೂತಿದ್ದಾಗ, "ನಿಮಗೆ ಧೈರ್ಯ ಇಲ್ಲ ಬಿಡಿ ಚಿಕ್ಕಪ್ಪ" ಅಂದುಬಿಟ್ಟೆ. ಅವರು ಏನೂ ಅನ್ನಲಿಲ್ಲ. ಅನ್ನ ಕಲಸಿಕೊಂಡು ಉಂಡರು. ಆಗ ಎರಡನೇ ಬೋರ್ ಫೇಲ್ ಆಗಿ ಮೂರು ತಿಂಗಳಾಗಿತ್ತು. ನನಗದು ಗೊತ್ತೂ ಇತ್ತು.

ಸೋಮವಾರ ಕೆಲಸಕ್ಕೆ ಹೋದೆ. ನಾನು ಒಂದು ಪತ್ತಿನ ಸಂಘದಲ್ಲಿ ಸಾಲದ ಅರ್ಜಿ ನೋಡುವವಳು. ಅರ್ಜಿಯ ಕೊನೆಗೆ ಷರಾ ಬರೆಯುವ ಒಂದು ಜಾಗ ಇದೆ. ಹದಿನಾಲ್ಕು ವರ್ಷದಿಂದ ಅಲ್ಲಿ ಬರೆಯುತ್ತಾ ಬಂದಿದ್ದೇನೆ. ಅವತ್ತು ಜಗಳೂರು ಕಡೆಯ ಒಬ್ಬರು ಬಂದಿದ್ದರು. ಹಸುವಿಗೆ ಸಾಲ ಬೇಕಿತ್ತು. ಎರಡು ತಗೊಳ್ಳಿ, ಹಾಲಿನ ಲೆಕ್ಕ ಸರಿಹೋಗುತ್ತೆ ಅಂದೆ. "ಬ್ಯಾಡ ಮೇಡಂ, ಒಂದೇ ಸಾಕು" ಅಂದರು. ಪೆನ್ನು ಎತ್ತಿದವಳು ಹಾಗೇ ನಿಂತೆ. ಚಿಕ್ಕಪ್ಪನ ಬೆರಳು ಕಣ್ಣಿಗೆ ಬಂತು. ಪೆನ್ನು ಕೆಳಗಿಟ್ಟು, "ಈ ಸಲ ಹೊಲಕ್ಕೆ ಏನು ಹಾಕಿದ್ದೀರಿ?" ಅಂತ ಕೇಳಿದೆ. ಮೆಕ್ಕೆಜೋಳ ಅಂದರು. ಸಾಲ ಮಾಡಿ ಗೊಬ್ಬರ ತಂದಿದ್ದಾರೆ, ಮಗಳ ಮದುವೆ ಮುಂದೆ ಇದೆ. ಇಪ್ಪತ್ತು ನಿಮಿಷ ಮಾತಾಡಿದರು. ಅವರ ನಾಣ್ಯವೂ ಇನ್ನೂ ಗಾಳಿಯಲ್ಲೇ ಇತ್ತು.

ವಿಮೆ ಇದೆಯಲ್ಲ ಅಂತ ಕೇಳಬಹುದು. ಇದೆ. 2016ರಿಂದ ಫಸಲ್ ಬಿಮಾ ಯೋಜನೆ ನಡೀತಿದೆ. ಮುಂಗಾರಿನ ಶೇಂಗಾಕ್ಕೆ ವಿಮಾ ಮೊತ್ತದ 2 ಪರ್ಸೆಂಟು, ಈರುಳ್ಳಿಯಂಥ ತೋಟಗಾರಿಕೆ ಬೆಳೆಗೆ ಹೆಚ್ಚೆಂದರೆ 5 ಪರ್ಸೆಂಟು ರೈತ ಕಟ್ಟಬೇಕು, ಉಳಿದದ್ದು ಸರ್ಕಾರದ್ದು. ಆದರೆ ಇಳುವರಿ ಲೆಕ್ಕ ಮಾಡೋದು ಪ್ರತಿ ಹೊಲಕ್ಕಲ್ಲ, ಇಡೀ ಪಂಚಾಯ್ತಿಗೋ ಹೋಬಳಿಗೋ ಸೇರಿಸಿ. ಪಕ್ಕದ ಊರಿನಲ್ಲಿ ಮಳೆ ಬಂದು ನಿಮ್ಮ ಹೊಲ ಒಣಗಿದರೆ ಕಾಸು ಬರದೇ ಹೋಗಬಹುದು. ಚಿಕ್ಕಪ್ಪ ಕಟ್ಟಿದ್ದಾರೆ. ನಂಬಿಕೊಂಡು ಕೂತಿಲ್ಲ.

ನಂಬುವಂಥ ವಿಮೆ ಸಿಕ್ಕರೆ ಏನಾಗುತ್ತೆ ಅನ್ನೋದನ್ನೂ ನೋಡಿದ್ದಾರೆ. ಘಾನಾ ದೇಶದ ಉತ್ತರ ಭಾಗದಲ್ಲಿ ಕೆಲವು ರೈತರಿಗೆ ದುಡ್ಡು ಕೊಟ್ಟರು, ಕೆಲವರಿಗೆ ಮಳೆ ವಿಮೆ ಮಾಡಿಸಿದರು. 2014ರಲ್ಲಿ ಅದರ ಫಲಿತಾಂಶ ಅಚ್ಚಾಯಿತು. ವಿಮೆ ಇದ್ದವರು ಬೇಸಾಯಕ್ಕೆ ಜಾಸ್ತಿ ದುಡ್ಡು ಹಾಕಿದರು, ಮಳೆ ತಪ್ಪಿದರೆ ಜಾಸ್ತಿ ನಷ್ಟವಾಗುವಂಥ ಬೇಸಾಯಕ್ಕೂ ಕೈ ಹಾಕಿದರು. ದುಡ್ಡು ಹೇಗೋ ಹೊಂದಿಸಿಕೊಂಡರು. ಬಿದ್ದರೆ ಹಿಡಿಯುವವರು ಇದ್ದಾರೆ ಅನ್ನೋದು ಗೊತ್ತಾಗಬೇಕಿತ್ತು, ಅಷ್ಟೇ. ಇದನ್ನು ಓದಿದಾಗಿನಿಂದ ನನಗೆ ಆ ದಾಳಿಂಬೆಯ ಮಾತು ಇನ್ನೂ ಚುಚ್ಚುತ್ತಿದೆ.

ಹುಡುಗಿ ನಿನ್ನೆ ಮೆಸೇಜು ಮಾಡಿದ್ದಳು. ಗೈಡ್ ಹತ್ತಿರ ಮಾತಾಡಿ ಕಾರ್ಡಿಗಿಂತ ಮುಂಚೆ ಮೂರು ಪ್ರಶ್ನೆ ಸೇರಿಸಿದ್ದಾಳೆ. ಈ ವರ್ಷ ಹೊಲಕ್ಕೆ ಎಷ್ಟು ಹಾಕಿದ್ದೀರಿ, ಸಾಲ ಎಷ್ಟು, ಮಳೆ ಬಂತಾ. ಒಳ್ಳೆ ಹುಡುಗಿ. ಅವಳ ಟಿಕ್ ನೋಡಿ ಅವತ್ತು ಒಂದು ಗಳಿಗೆ ಸಿಟ್ಟು ಬಂದಿತ್ತು. ಆದರೆ ಯಾಕೆ ಅಂತ ಬಾಯಿಬಿಟ್ಟು ಕೇಳಿದವಳೂ ಅವಳೇ. ಇಷ್ಟು ವರ್ಷದಲ್ಲಿ ನಾನು ಒಂದು ಸಲವೂ ಕೇಳಿರಲಿಲ್ಲ.

ರಾತ್ರಿ ಒಂಬತ್ತೂವರೆಗೆ ಊರಿಗೆ ಫೋನ್ ಮಾಡಿದೆ. ಆ ದಾಳಿಂಬೆಯ ಮಾತು ಎತ್ತಬೇಕು ಅಂತಲೇ ಮಾಡಿದ್ದೆ. ಚಿಕ್ಕಮ್ಮ ಎತ್ತಿಕೊಂಡರು. "ಇಲ್ಲ ಕಣವ್ವ, ಈಗ ತಾನೆ ತ್ರೀ ಫೇಸ್ ಬಂತು. ಈರುಳ್ಳಿಗೆ ನೀರು ತಿರುಗಿಸೋಕೆ ಹೋದರು."

ಮಳೆ ಬಂತಾ ಅಂತ ಕೇಳಿದೆ.

"ಮೋಡ ಐತೆ" ಅಂದರು.