ಅಲಾಸ್ಕಾದ ಮೂಸ್ ಬೇಟೆ: ಯಾವ ಕೋವಿ, ಯಾವ ತೋಟೆ

ಸಿಯಾಟಲ್‌ನಿಂದ ಆಂಕರೇಜ್‌ಗೆ ಮೂರೂವರೆ ಗಂಟೆಯ ಹಾರಾಟ. ಅಲ್ಲಿಂದ ಚಿಕ್ಕ ವಿಮಾನದಲ್ಲಿ ಕಸ್ಕೊಕ್ವಿಮ್ ನದಿದಂಡೆಯ ಮೆಕ್‌ಗ್ರಾತ್‌ನಂಥ ಊರು. ಆ ಊರಿನಿಂದ ನೀರಿನ ಮೇಲೆ ಇಳಿಯುವ ಬೀವರ್ ವಿಮಾನ ನಿಮ್ಮನ್ನು ಯಾವುದೋ ಹೊಳೆಯ ಮೇಲ್ಭಾಗದಲ್ಲಿ ಬಿಟ್ಟು ಹೋಗುತ್ತದೆ. ಮುಂದೆ ಎಂಟು ಹತ್ತು ದಿನ ರಬ್ಬರ್ ದೋಣಿಯಲ್ಲಿ ತೇಲುತ್ತ ಕೆಳಗೆ ಬರಬೇಕು. ಜಿಂಕೆಯ ಕುಲದಲ್ಲೇ ಅತಿ ದೊಡ್ಡದಾದ ಮೂಸ್‌ನ ಸೆಪ್ಟೆಂಬರ್ ಬೇಟೆಗೆ ಹೊರಗಿನವರು ಹೆಚ್ಚಾಗಿ ಆರಿಸಿಕೊಳ್ಳುವ ಬಗೆಗಳಲ್ಲಿ ಇದೊಂದು. ಹೊರಡುವವರ ಮೊದಲ ಪ್ರಶ್ನೆ ಕ್ಯಾಲಿಬರ್‌ನದು, ಅಂದರೆ ನಳಿಗೆಯ ಅಳತೆ ಮತ್ತು ಅದಕ್ಕೆ ಹೊಂದುವ ತೋಟೆಯದು. ಉತ್ತರವನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು: .30-06 ರೈಫಲ್, 180 ಗ್ರೇನ್ (ಸುಮಾರು 11.7 ಗ್ರಾಂ) ತೂಕದ ಗಟ್ಟಿ ಗುಂಡು. ಇದಕ್ಕಿಂತ ದೊಡ್ಡದು ಬೇಕೆನ್ನುವವರು ಮೊದಲು ತಮ್ಮ ಭುಜವನ್ನೂ ಗುರಿಯನ್ನೂ ಪರೀಕ್ಷಿಸಿಕೊಳ್ಳಲಿ.

ಪ್ರಾಣಿಯ ಗಾತ್ರ ಮನಸ್ಸಿನಲ್ಲಿರಲಿ. ನಮ್ಮ ಮಲೆನಾಡಿನ ದೊಡ್ಡ ಗಂಡು ಕಡವೆ 300 ಕಿಲೋ ತೂಗಬಹುದು. ಅಲಾಸ್ಕಾದ ಬೆಳೆದ ಗಂಡು ಮೂಸ್ 550ರಿಂದ 700 ಕಿಲೋ. ಹೀಗಿದ್ದೂ ಅದು ಕಾಟಿಯಂತೆ ಗಡುಸು ಪ್ರಾಣಿಯಲ್ಲ. ಶ್ವಾಸಕೋಶಕ್ಕೆ ಸರಿಯಾಗಿ ಗುಂಡು ಹೋದರೆ ಹೆಚ್ಚು ದೂರ ಓಡುವುದಿಲ್ಲ. ಆದರೆ ಎದೆ ಅಗಲ, ಭುಜದ ಎಲುಬು ದಪ್ಪ, ಚರ್ಮದ ಮೇಲೆ ಅನೇಕ ಸಲ ಕೆಸರು ಮೆತ್ತಿರುತ್ತದೆ. ಗುಂಡು ಒಡೆದು ಚೂರಾಗದೆ ಒಳಗೆ ಆಳಕ್ಕೆ ಹೋಗಬೇಕು. ನಳಿಗೆಯ ಅಗಲಕ್ಕಿಂತ ಗುಂಡಿನ ರಚನೆ ಮುಖ್ಯವಾಗುವುದು ಈ ಕಾರಣಕ್ಕೆ. ಜಾನ್ ನೋಸ್ಲರ್ 1946ರಲ್ಲಿ ಬ್ರಿಟಿಷ್ ಕೊಲಂಬಿಯಾದಲ್ಲಿ ಬೇಟೆಯಾಡುತ್ತಿದ್ದಾಗ, ಹೆಚ್ಚು ಮದ್ದು ತುಂಬಿದ ವೇಗದ ತೋಟೆಯಾದ .300 ಮ್ಯಾಗ್ನಮ್‌ನ ಗುಂಡುಗಳು ಕೆಸರು ಮೆತ್ತಿದ ಮೂಸ್‌ನ ಒಳಗೆ ಆಳಕ್ಕೆ ಇಳಿಯಲಿಲ್ಲ. ಆ ಸೋಲಿನಿಂದಲೇ ನಡುವೆ ತಾಮ್ರದ ಗೋಡೆಯುಳ್ಳ ಪಾರ್ಟಿಷನ್ ಗುಂಡು ಹುಟ್ಟಿತು. ಮುಂದಿನ ಅರ್ಧ ಅಣಬೆಯಂತೆ ಅರಳುತ್ತದೆ, ಹಿಂದಿನ ಅರ್ಧ ಹಾಗೇ ಉಳಿದು ಒಳಗೆ ತಳ್ಳುತ್ತ ಹೋಗುತ್ತದೆ. ಇಂದು ಸ್ವಿಫ್ಟ್ ಎ-ಫ್ರೇಮ್, ಪೂರ್ತಿ ತಾಮ್ರದ ಬಾರ್ನ್ಸ್ ಟಿಎಸ್‌ಎಕ್ಸ್, ಸೀಸವನ್ನು ಕವಚಕ್ಕೆ ಬೆಸೆದ ಬಾಂಡೆಡ್ ಗುಂಡುಗಳು ಇದೇ ಕೆಲಸ ಮಾಡುತ್ತವೆ. ತಾಮ್ರದ್ದಾದರೆ 165 ಅಥವಾ 168 ಗ್ರೇನ್ ಸಾಕು, ಏಕೆಂದರೆ ಅದು ತೂಕ ಕಳೆದುಕೊಳ್ಳುವುದೇ ಕಡಿಮೆ. ಮಾಂಸದಲ್ಲಿ ಸೀಸದ ಪುಡಿ ಸೇರುವುದಿಲ್ಲ ಎಂಬುದು ಇನ್ನೊಂದು ಲಾಭ. ಮನೆಯಲ್ಲಿ ಮಕ್ಕಳು ಆ ಮಾಂಸ ತಿನ್ನುವುದಾದರೆ ತಾಮ್ರವನ್ನೇ ಆರಿಸಿ.

ಈಗ ಅಂಕಿಗಳು. ಒಂದು ಗ್ರಾಂ ಅಂದರೆ ಸುಮಾರು 15.4 ಗ್ರೇನ್. .30-06ರ 180 ಗ್ರೇನ್ ಗುಂಡು ಸೆಕೆಂಡಿಗೆ ಸುಮಾರು 2700 ಅಡಿ ವೇಗದಲ್ಲಿ ಹೊರಡುತ್ತದೆ, ನಳಿಗೆಯ ಬಾಯಲ್ಲಿ ಅದರ ಶಕ್ತಿ ಸುಮಾರು 3950 ಜೂಲ್. .308 ವಿಂಚೆಸ್ಟರ್ ಅದೇ ಗುಂಡನ್ನು ಸುಮಾರು 2620 ಅಡಿ ವೇಗದಲ್ಲಿ ಕಳಿಸುತ್ತದೆ. ಈ ವ್ಯತ್ಯಾಸ ಮೂಸ್‌ಗೆ ತಿಳಿಯುವುದಿಲ್ಲ. ಈಗಾಗಲೇ .308 ಇದ್ದವರು ಹೊಸದು ಕೊಳ್ಳುವ ಅಗತ್ಯವಿಲ್ಲ. .300 ವಿಂಚೆಸ್ಟರ್ ಮ್ಯಾಗ್ನಮ್ ಸುಮಾರು 4750 ಜೂಲ್ ಕೊಡುತ್ತದೆ. .338 ವಿಂಚೆಸ್ಟರ್ ಮ್ಯಾಗ್ನಮ್ 225 ಗ್ರೇನ್ ಗುಂಡಿನೊಂದಿಗೆ 5200 ಜೂಲ್ ದಾಟುತ್ತದೆ. ಕಂದು ಕರಡಿ ಹೆಚ್ಚಿರುವ ಕಡೆ ಗೈಡ್‌ಗಳು .338 ಅಥವಾ .375 ಹೊತ್ತಿರುವುದುಂಟು, ಅದು ಅವರ ಕೆಲಸದ ಅಗತ್ಯ.

ಶಕ್ತಿ ಹೆಚ್ಚಾದಷ್ಟೂ ಒದೆತ ಹೆಚ್ಚು. ಎಂಟು ಎಂಟೂವರೆ ಪೌಂಡ್ ತೂಕದ ರೈಫಲ್‌ನಲ್ಲಿ .30-06ರ ಒದೆತ ಸುಮಾರು 27 ಜೂಲ್, .300 ಮ್ಯಾಗ್ನಮ್‌ನದು 35ರ ಆಸುಪಾಸು, .338ರದು 45ರ ಹತ್ತಿರ. ಅದೇ .300 ಮ್ಯಾಗ್ನಮ್ಮನ್ನು ಆರು ಪೌಂಡಿನ ಹಗುರ ಕೋವಿಯಲ್ಲಿ ಹಾಕಿದರೆ ಭುಜ ಎರಡನೇ ಈಡಿಗೇ ಬೇಡ ಎನ್ನುತ್ತದೆ. ಒದೆತಕ್ಕೆ ಹೆದರಿದ ದೇಹ ಟ್ರಿಗರ್ ಎಳೆಯುವ ಕ್ಷಣದಲ್ಲಿ ಬೆಚ್ಚುತ್ತದೆ, ಕಣ್ಣು ಮುಚ್ಚುತ್ತದೆ. ಗುಂಡು ಹೊಟ್ಟೆಗೋ ಕಾಲಿಗೋ ಬೀಳುತ್ತದೆ. ಗಾಯಗೊಂಡ ಮೂಸ್ ವಿಲೋ ಪೊದೆಗಳೊಳಗೆ ನುಗ್ಗಿದರೆ ಹುಡುಕುವುದು ಬಹಳ ಕಷ್ಟ, ಆ ಪ್ರಾಣಿ ಪಡುವ ನೋವಿಗೆ ನೀವೇ ಹೊಣೆ. ಅಲಾಸ್ಕಾದ ಮೀನು ಮತ್ತು ಬೇಟೆ ಇಲಾಖೆಯೇ ಬೇಟೆಗಾರರಿಗೆ ಹೇಳುವ ಮಾತಿದು: ಗುರಿ ಹೊಂದಿಸುವಷ್ಟು ಮಾತ್ರ ಹಾರಿಸಿದ ಹೊಸ ಮ್ಯಾಗ್ನಮ್‌ಗಿಂತ, ಚೆನ್ನಾಗಿ ಗುರಿಯಿಡಬಲ್ಲ .270 ಅಥವಾ .30-06 ತಂದವರನ್ನೇ ಅನುಭವಿ ಗೈಡ್‌ಗಳು ಮೆಚ್ಚುತ್ತಾರೆ. ಮದ್ದಿನ ಅನಿಲವನ್ನು ಪಕ್ಕಕ್ಕೆ ಹೊರಳಿಸುವ ಬ್ರೇಕ್ ಎಂಬ ತುಣುಕನ್ನು ನಳಿಗೆಯ ತುದಿಗೆ ಹಾಕಿಸಿದರೆ ಒದೆತ ಇಳಿಯುತ್ತದೆ, ಆದರೆ ಪಕ್ಕದಲ್ಲಿರುವವರ ಕಿವಿ ಹಾಳಾಗುತ್ತದೆ. ದೋಣಿಯಲ್ಲಿ ಜೊತೆಗಾರರು ಮೂರು ಅಡಿ ದೂರದಲ್ಲಿ ಕೂತಿರುತ್ತಾರೆ, ಅದು ಬೇಡ.

ಚಿಕ್ಕ ಕ್ಯಾಲಿಬರ್ ಸಾಲದು ಎಂಬ ವಾದಕ್ಕೆ ಸ್ವೀಡನ್ ಉತ್ತರ ಕೊಡುತ್ತದೆ. ಅಲ್ಲಿ ತಲೆಮಾರುಗಳಿಂದ 6.5 ಮಿ.ಮೀ. ಅಳತೆಯ 6.5x55 ತೋಟೆಯಲ್ಲಿ, 156 ಗ್ರೇನ್‌ನ ಉದ್ದ ಗುಂಡಿನಿಂದ, ಮೂಸ್ ಹೊಡೆಯುತ್ತ ಬಂದಿದ್ದಾರೆ. ಅಲ್ಲಿನ ನಿಯಮದಂತೆ 10 ಗ್ರಾಂ ಅಥವಾ ಹೆಚ್ಚು ತೂಕದ ಗುಂಡು 100 ಮೀಟರಿನಲ್ಲಿ ಕನಿಷ್ಠ 2000 ಜೂಲ್ ಉಳಿಸಿಕೊಂಡಿರಬೇಕು, 9 ಗ್ರಾಂನದ್ದಾದರೆ 2700 ಜೂಲ್. ಯೋಟೆಬೊರಿಯಲ್ಲೋ ಸ್ಟಾಕ್‌ಹೋಮ್‌ನಲ್ಲೋ ನೆಲೆಸಿರುವ ಕನ್ನಡಿಗರು ಬೇಟೆ ಪರೀಕ್ಷೆಗೆ ಓದುವಾಗ ಇದು ಎದುರಾಗುತ್ತದೆ. ಆದರೆ ಸ್ವೀಡನ್‌ನ ಮೂಸ್ ಅಲಾಸ್ಕಾದ್ದಕ್ಕಿಂತ ಚಿಕ್ಕದು, ಅಲ್ಲಿ ಗಾಯಗೊಂಡದ್ದನ್ನು ಹುಡುಕಲು ತರಬೇತಾದ ನಾಯಿಗಳಿರುತ್ತವೆ. ಅಲಾಸ್ಕಾದ ಹೊಳೆದಂಡೆಯಲ್ಲಿ ನೀವೇ ಹುಡುಕಬೇಕು. ಅದೇ ಅಳತೆಯ 6.5 ಕ್ರೀಡ್‌ಮೂರ್ ಹಿಡಿದು ಹೋಗುವವರು 150 ಗಜದೊಳಗೆ, ಅಡ್ಡಲಾಗಿ ನಿಂತ ಪ್ರಾಣಿಗೆ ಮಾತ್ರ ಹೊಡೆಯುವ ಸಂಯಮ ಇಟ್ಟುಕೊಳ್ಳಲಿ.

ಭಾರತದಲ್ಲಿ 1972ರ ವನ್ಯಜೀವಿ ಕಾಯ್ದೆಯಿಂದಾಗಿ ಬೇಟೆ ಇಲ್ಲ. ಕೊಡಗಿನ ಮನೆಗಳಲ್ಲಿ ಕೋವಿ ಇದ್ದವರನ್ನು ಬಿಟ್ಟರೆ ನಮ್ಮಲ್ಲಿ ಹೆಚ್ಚಿನವರಿಗೆ ರೈಫಲ್‌ನ ಅಭ್ಯಾಸ ಸೊನ್ನೆಯಿಂದ ಶುರು. ಹೀಗಾಗಿ ತಯಾರಿಗೆ ನಾಲ್ಕು ತಿಂಗಳಾದರೂ ಬೇಕು. ಒಂದು ದಿನಕ್ಕೆ 12ರಿಂದ 15 ಈಡು ಸಾಕು, ಅದಕ್ಕಿಂತ ಹೆಚ್ಚಾದರೆ ಬೆಚ್ಚುವ ಚಾಳಿ ಬೀಳುತ್ತದೆ. ನಡುನಡುವೆ .22ರಲ್ಲಿ ಎಷ್ಟು ಬೇಕಾದರೂ ಹೊಡೆಯಿರಿ. ಗೆಳೆಯರೊಬ್ಬರಿಂದ ಮ್ಯಾಗಜೀನ್ ತುಂಬಿಸಿ, ನಿಮಗೆ ಗೊತ್ತಿಲ್ಲದಂತೆ ಒಂದು ಡಮ್ಮಿ (ಸಿಡಿಯದ) ತೋಟೆ ಸೇರಿಸಲು ಹೇಳಿ. ಅದು ಬಂದಾಗ ನಳಿಗೆ ಕುಣಿದರೆ ನೀವು ಬೆಚ್ಚುತ್ತಿದ್ದೀರಿ ಎಂದೇ ಅರ್ಥ. ಮೇಜಿನ ಮೇಲೆ ಮರಳುಚೀಲ ಇಟ್ಟು ಹೊಡೆಯುವುದು ಗುರಿ ಹೊಂದಿಸಲು ಮಾತ್ರ. ಉಳಿದದ್ದೆಲ್ಲ ಕುಳಿತು, ಮಂಡಿಯೂರಿ, ಕವೆಕೋಲಿನ ಆಸರೆಯಲ್ಲಿ. ಎಂಟು ಇಂಚಿನ ಕಾಗದದ ತಟ್ಟೆಗೆ ಐದಕ್ಕೆ ಐದೂ ಬೀಳುವ ದೂರವೇ ನಿಮ್ಮ ದೂರ. ಅದು 120 ಗಜವಾದರೆ ಬೇಟೆಯಲ್ಲೂ 120 ಗಜ. ಇದರಿಂದ ನಷ್ಟವೇನೂ ಇಲ್ಲ, ಹೆಣ್ಣಿನ ಕೂಗಿಗೆ ಓಗೊಟ್ಟು ಬರುವ ಗಂಡು ಮೂಸ್ 100 ಗಜದೊಳಗೇ ಸಿಗುವುದುಂಟು.

.30-06ನ್ನು 100 ಗಜದಲ್ಲಿ ಎರಡು ಇಂಚು ಮೇಲೆ ಬೀಳುವಂತೆ ಹೊಂದಿಸಿ. ಆಗ 200 ಗಜದಲ್ಲಿ ನೇರ, 300ರಲ್ಲಿ ಎಂಟೊಂಬತ್ತು ಇಂಚು ಕೆಳಗೆ. ಸ್ಕೋಪ್ (ಗುರಿ ದುರ್ಬೀನು) 2ರಿಂದ 7 ಅಥವಾ 3ರಿಂದ 9 ಪಟ್ಟು ದೊಡ್ಡದಾಗಿ ತೋರಿಸುವಂಥದ್ದು ಸಾಕು, ಪೊದೆಯಲ್ಲಿ ಓಡಾಡುವಾಗ ಯಾವಾಗಲೂ ಕೆಳಗಿನ ಅಂಕಿಯಲ್ಲೇ ಇರಲಿ.

ಕಾಗದಪತ್ರಗಳ ವಿಷಯದಲ್ಲಿ ಅಮೆರಿಕದಲ್ಲಿರುವ ನಮ್ಮವರು ಎಡವುವ ಜಾಗಗಳಿವೆ. ಎಚ್-1ಬಿಯಂಥ ವೀಸಾದಲ್ಲಿರುವವರು ಅಮೆರಿಕದ ಫೆಡರಲ್ ಕಾನೂನಿನಂತೆ ಬಂದೂಕು ಇಟ್ಟುಕೊಳ್ಳುವಂತಿಲ್ಲ. ಯಾವುದಾದರೂ ರಾಜ್ಯದ ಚಾಲ್ತಿಯಲ್ಲಿರುವ ಬೇಟೆ ಪರವಾನಗಿ ಇದ್ದರೆ ವಿನಾಯಿತಿ ಇದೆ. ಗುಂಡು ಹಾರಿಸುವ ರೇಂಜ್‌ನಲ್ಲಿ ಬಾಡಿಗೆ ಕೋವಿ ಮುಟ್ಟುವುದಕ್ಕೂ ಈ ತಡೆ ಅನ್ವಯ. ಆದ್ದರಿಂದ ಮೊದಲು ಬೇಟೆ ಶಿಕ್ಷಣದ ಕೋರ್ಸ್, ಆಮೇಲೆ ಪರವಾನಗಿ, ಕೊನೆಗೆ ಕೋವಿ. ವಾಷಿಂಗ್ಟನ್ ರಾಜ್ಯದಲ್ಲಿ ಪ್ರಜೆಗಳಲ್ಲದವರಿಗೆ ಪ್ರತ್ಯೇಕ ಬಂದೂಕು ಪರವಾನಗಿಯ ನಿಯಮವೂ ಇದೆ, ಕೊಳ್ಳುವ ಮುನ್ನ ವಿಚಾರಿಸಿ. ಗ್ರೀನ್ ಕಾರ್ಡ್ ಇದ್ದವರಿಗೆ ವೀಸಾದ ಈ ಫೆಡರಲ್ ತಡೆ ಇಲ್ಲ. ಬೆಂಗಳೂರಿನಿಂದ ಬರುವ ಅಣ್ಣನೋ ಭಾವನೋ ಜೊತೆಗೆ ಬೇಟೆಯಾಡುವುದಾದರೆ, ಅಮೆರಿಕದಲ್ಲಿ ನೆಲೆಸಿರದ ವಿದೇಶಿಯರಾದ್ದರಿಂದ ಅವರಿಗೆ ಪರವಾನಗಿ ಪಡೆದ ಗೈಡ್ ಕಡ್ಡಾಯ. ಕೆನಡಾದ ಮೂಲಕ ಕಾರಿನಲ್ಲಿ ಹೋಗುವ ಯೋಚನೆ ವೀಸಾದವರಿಗೆ ಬೇಡ. ಕೆನಡಾ ಗಡಿಯಲ್ಲಿ ಘೋಷಣಾ ಪತ್ರ ತುಂಬಬೇಕು, ಅಮೆರಿಕಕ್ಕೆ ಮರಳುವಾಗ ಬಂದೂಕು ಆಮದಿಗೆ ಮೊದಲೇ ಪಡೆದ ಅನುಮತಿಯೂ ಬೇಕು. ವಿಮಾನವೇ ಸುಲಭ: ಖಾಲಿ ಕೋವಿ, ಬೀಗ ಹಾಕಿದ ಗಟ್ಟಿ ಪೆಟ್ಟಿಗೆ, ಕೌಂಟರಿನಲ್ಲಿ ಘೋಷಣೆ. ತೋಟೆಗಳು ಡಬ್ಬಿಯಲ್ಲಿ, ಚೆಕ್-ಇನ್ ಸಾಮಾನಿನಲ್ಲಿ. ಅನೇಕ ಕಂಪನಿಗಳ ಮಿತಿ 5 ಕಿಲೋ. ಎರಡು ಡಬ್ಬಿಯ 40 ತೋಟೆ ಒಂದು ಕಿಲೋಗಿಂತ ಸ್ವಲ್ಪ ಹೆಚ್ಚು ತೂಗುತ್ತದೆ, ಅಷ್ಟೇ ಸಾಕು. ಎರಡೂ ಡಬ್ಬಿ ಒಂದೇ ಲಾಟಿನದ್ದಾಗಿರಲಿ (ಕಾರ್ಖಾನೆಯಲ್ಲಿ ಒಟ್ಟಿಗೆ ತಯಾರಾದದ್ದು), ಲಾಟು ಬದಲಾದರೆ ಗುಂಡು ಬೀಳುವ ಜಾಗವೂ ಬದಲಾಗಬಹುದು. ತೋಟೆ ಕಳೆದುಹೋದರೆ ಚಿಕ್ಕ ಊರಿನ ಅಂಗಡಿಯಲ್ಲಿ ಸಿಗುವ ಸಾಧ್ಯತೆ .30-06 ಮತ್ತು .308ಕ್ಕೇ ಹೆಚ್ಚು. ಈ ಕ್ಯಾಲಿಬರ್ ಆರಿಸಲು ಇದೂ ಒಂದು ಕಾರಣ.

ಪ್ರಯಾಣದಲ್ಲಿ ಸ್ಕೋಪ್ ಅಲುಗುತ್ತದೆ. ಶಿಬಿರ ಹೂಡಿದ ಮೇಲೆ 100 ಗಜದಲ್ಲಿ ಮೂರು ಈಡು ಹೊಡೆದು ನೋಡಲೇಬೇಕು, ರಿಂಗ್‌ಗಳ ಸ್ಕ್ರೂ ಬಿಗಿ ಮಾಡುವ ಕೀಲಿ ಜೇಬಿನಲ್ಲಿರಲಿ. ಸೆಪ್ಟೆಂಬರಿನ ಮಳೆ ದಿನಗಟ್ಟಲೆ ಬಿಡುವುದಿಲ್ಲ. ನಳಿಗೆ ಸ್ಟೇನ್‌ಲೆಸ್, ಹಿಡಿ ಸಿಂಥೆಟಿಕ್ ಆಗಿದ್ದರೆ ಚಿಂತೆ ಅರ್ಧ ಇಳಿಯುತ್ತದೆ. ಮರದ ಹಿಡಿ ನೀರು ಕುಡಿದು ಉಬ್ಬಿ ನಳಿಗೆಗೆ ತಾಗಿದರೆ ಗುರಿ ಹೋಗುತ್ತದೆ. ನಳಿಗೆಯ ಬಾಯಿಗೆ ಒಂದು ಸುತ್ತು ಎಲೆಕ್ಟ್ರಿಕಲ್ ಟೇಪ್ ಅಂಟಿಸಿ, ಅದರ ಮೇಲೇ ಹೊಡೆಯಬಹುದು, ಗುರಿ ಕೆಡುವುದಿಲ್ಲ. ಬೋಲ್ಟ್‌ಗೆ ದಪ್ಪ ಗ್ರೀಸ್ ಹಚ್ಚಬೇಡಿ, ಬೆಳಗಿನ ಚಳಿಗೆ ಗಟ್ಟಿಯಾಗಿ ತೋಟೆಗೆ ಬಡಿಯುವ ಪಿನ್ ನಿಧಾನವಾಗುತ್ತದೆ.

ಬೀವರ್‌ನಲ್ಲಿ ಇಳಿದ ದಿನ ಬೇಟೆಯಾಡುವಂತಿಲ್ಲ, ಮರುದಿನ ಬೆಳಗಿನ ಜಾವ ಮೂರು ಗಂಟೆಯ ನಂತರವೇ. ಹೊರ ರಾಜ್ಯದವರಿಗೆ ಅನೇಕ ಕಡೆ ಕೊಂಬಿನ ಹರವು 50 ಇಂಚು ಇರಬೇಕು, ಇಲ್ಲವೇ ಹಣೆಯ ಕವಲುಗಳು ಒಂದು ಪಕ್ಕದಲ್ಲಿ ಆ ಘಟಕದ (ಬೇಟೆ ವಲಯದ) ನಿಯಮ ಹೇಳಿದಷ್ಟು ಇರಬೇಕು. ಕೆಲವೆಡೆ ಮೂರು, ಕೆಲವೆಡೆ ನಾಲ್ಕು. ಎಣಿಸಲಾಗದಿದ್ದರೆ ಬಿಟ್ಟುಬಿಡಿ.

ಹೊಡೆಯುವ ಜಾಗದಲ್ಲಿ ಹೊಸಬರು ಮಾಡುವ ತಪ್ಪು ಒಂದೇ, ಮೇಲೆ ಗುರಿಯಿಡುವುದು. ಬೆನ್ನಿನ ಗೂನು ಕಣ್ಣಿಗೆ ಮೋಸ ಮಾಡುತ್ತದೆ. ಅಲ್ಲಿರುವುದು ಬೆನ್ನುಮೂಳೆಯ ಉದ್ದ ಮುಳ್ಳುಗಳು ಮತ್ತು ಮಾಂಸ, ಅಲ್ಲಿ ತೂರಿದ ಗುಂಡಿನಿಂದ ಮೂಸ್ ಸಾಯುವುದಿಲ್ಲ. ಮುಂಗಾಲಿನ ಹಿಂಬದಿಯ ಗೆರೆ ಹಿಡಿದು ಮೇಲೆ ಬನ್ನಿ, ಎದೆಯ ಎತ್ತರದ ಮೂರನೇ ಒಂದು ಭಾಗದಲ್ಲಿ ನಿಲ್ಲಿಸಿ. ಈಡು ಬಿದ್ದರೂ ಮೂಸ್ ಏನೂ ಆಗದಂತೆ ನಿಂತಿರುವುದು ಸಾಮಾನ್ಯ. ತಪ್ಪಿತೆಂದು ನೋಡುತ್ತ ಕೂರಬೇಡಿ. ಬೋಲ್ಟ್ ಎಳೆದು ಅದೇ ಜಾಗಕ್ಕೆ ಮತ್ತೊಂದು, ಬೀಳುವ ತನಕ. ನೀರಿನಲ್ಲಿ ನಿಂತದ್ದಕ್ಕೆ ಎಂದೂ ಹೊಡೆಯಬೇಡಿ. ಸೊಂಟದ ಮಟ್ಟದ ತಣ್ಣೀರಿನಲ್ಲಿ 600 ಕಿಲೋ ಹೆಣವನ್ನು ಹೊರಳಿಸಲು ಇಬ್ಬರಿಂದ ಆಗದು. ಹೊಳೆಯಿಂದ ಒಂದು ಮೈಲಿಗಿಂತ ಆಚೆಯೂ ಬೇಡ. ಮಾಂಸವೇ ಸುಮಾರು 225 ಕಿಲೋ ಬರುತ್ತದೆ, ಮೂಳೆಸಹಿತ ಒಂದು ಹಿಂದೊಡೆ 50 ಕಿಲೋ ಮೀರುತ್ತದೆ, ಪ್ರತಿಯೊಂದನ್ನೂ ಬೆನ್ನ ಮೇಲೆ ಹೊರಬೇಕು.

ಕುತ್ತಿಗೆ, ಪಕ್ಕೆ, ಎದೆ, ಬೆನ್ನು, ನಾಲ್ಕೂ ತೊಡೆಗಳ ಮಾಂಸ ಪೂರ್ತಿ ಹೊರತರುವುದು ಕಾನೂನು. ಕೆಲವು ಘಟಕಗಳಲ್ಲಿ ತೊಡೆ ಮತ್ತು ಪಕ್ಕೆ ಮೂಳೆಸಹಿತವೇ ಬರಬೇಕು. ಕೊಂಬು ಕೊನೆಯ ಹೊರೆ, ಮಾಂಸಕ್ಕೆ ಮೊದಲು ಅದನ್ನು ಸಾಗಿಸಿದರೆ ದಂಡ. ಗಂಡೆಂಬ ಗುರುತಿನ ಅಂಗವನ್ನು ಮಾಂಸಕ್ಕೆ ಅಂಟಿದಂತೆಯೇ ಉಳಿಸಿ. ಒಂದು ಮೂಸ್‌ಗೆ ಎಂಟು ಹತ್ತು ಬಟ್ಟೆಯ ಚೀಲ ಬೇಕು, ಪ್ಲಾಸ್ಟಿಕ್ ಬೇಡವೇ ಬೇಡ, ಬಿಸಿ ಹೊರಹೋಗದೆ ಮಾಂಸ ಹಳಸುತ್ತದೆ. ಶಿಬಿರದಿಂದ ನೂರು ಗಜವಾದರೂ ದೂರ, ಬಯಲು ಕಾಣುವ ಕಡೆ ತೂಗುಹಾಕಿ. ಮೇಲೆ ಟಾರ್ಪಾಲು, ಸುತ್ತ ಗಾಳಿ. ಕರಡಿ ಬಂದಿದೆಯೇ ಎಂದು ದೂರದಿಂದಲೇ ದುರ್ಬೀನಿನಲ್ಲಿ ನೋಡಿ, ಆಮೇಲೆ ಹತ್ತಿರ ಹೋಗಿ, ತೋಟೆ ತುಂಬಿದ ಕೋವಿ ಕೈಯಲ್ಲಿರಲಿ. ಮರಳುವಾಗ ಮಾಂಸಕ್ಕೆ ಬೀವರ್‌ನ ಪ್ರತ್ಯೇಕ ಸುತ್ತು ಬೇಕಾಗಬಹುದು, ಅದರ ದರವನ್ನು ಬುಕ್ ಮಾಡುವಾಗಲೇ ಬರೆಸಿಕೊಳ್ಳಿ. ಆಂಕರೇಜ್‌ನಲ್ಲಿ ಕತ್ತರಿಸಿ ಹೆಪ್ಪುಗಟ್ಟಿಸಿ ಕೊಡುವ ಅಂಗಡಿಗಳಿಗೆ ಸೆಪ್ಟೆಂಬರಿನಲ್ಲಿ ಬಿಡುವಿರುವುದಿಲ್ಲ, ಹೊರಡುವ ಮುನ್ನವೇ ಜಾಗ ಕಾದಿರಿಸಿ, 23 ಕಿಲೋದ ಪೆಟ್ಟಿಗೆಗಳಾಗಿ ಕಟ್ಟಿಸಿದರೆ ವಿಮಾನದಲ್ಲಿ ಸಾಮಾನಿನಂತೆಯೇ ತರಬಹುದು.