‘ರೊಸಾನಾ’ ಬೀಟ್ ಕಲಿಯಲು ಎಷ್ಟು ದಿನ ಬೇಕು?

ಡ್ರಮ್ಸ್ ಕಲಿಕೆಯಲ್ಲಿ ಒಂದೆರಡು ವರ್ಷ ಕಳೆದವರು ನನ್ನನ್ನು ತಪ್ಪದೆ ಕೇಳುವ ಪ್ರಶ್ನೆಯೊಂದಿದೆ: ಅಮೆರಿಕದ ರಾಕ್ ತಂಡ ಟೋಟೋದ ‘ರೊಸಾನಾ’ ಹಾಡಿನ ಬೀಟ್ ಕೈಗೆ ಹತ್ತಲು ಎಷ್ಟು ದಿನ ಬೇಕು? ನನಗೆ ಆರು ತಿಂಗಳು ಹಿಡಿಯಿತು. ಅದರಲ್ಲಿ ಮೊದಲ ಎರಡು ತಿಂಗಳನ್ನು ಜೋರಾಗಿ ಬಾರಿಸುವುದರಲ್ಲೇ ಹಾಳುಮಾಡಿಕೊಂಡೆ. ಮೆಲ್ಲಗೆ ಬಾರಿಸುವುದನ್ನು ಮೊದಲು ಕಲಿತವರಿಗೆ ಅಷ್ಟು ಕಾಲ ಬೇಕಾಗಲಾರದು.

1982ರಲ್ಲಿ ಬಂದ ಈ ಹಾಡಿಗೆ ಡ್ರಮ್ಸ್ ನುಡಿಸಿದವರು ಜೆಫ್ ಪೊರ್ಕಾರೋ. ಸ್ಟೀಲಿ ಡ್ಯಾನ್ ತಂಡಕ್ಕಾಗಿ ಬರ್ನಾರ್ಡ್ ಪರ್ಡಿ ನುಡಿಸಿದ ಹಾಫ್ ಟೈಮ್ ಶಫಲ್ (ಮೂರರ ತೂಗಾಟದ ನಡೆ, ಜೋರು ಪೆಟ್ಟು ಮೂರನೆಯ ಎಣಿಕೆಗೆ ಮಾತ್ರ), ಲೆಡ್ ಜೆಪೆಲಿನ್‌ನ ಡ್ರಮ್ಮರ್ ಜಾನ್ ಬಾನಮ್ ನುಡಿಸಿದ ಅದರದೇ ಇನ್ನೊಂದು ಬಗೆ, ಕಾಲಿನಿಂದ ಬಾರಿಸುವ ದೊಡ್ಡ ಡ್ರಮ್ಮಿಗೆ ಅಮೆರಿಕದ ಗಿಟಾರ್ ವಾದಕ ಬೋ ಡಿಡ್ಲಿಯ ಲಯ, ಈ ಮೂರನ್ನೂ ಕೂಡಿಸಿ ಇದನ್ನು ಕಟ್ಟಿದ ರೀತಿಯನ್ನು ಪೊರ್ಕಾರೋ ಅವರೇ ಕಲಿಕೆಯ ವಿಡಿಯೊವೊಂದರಲ್ಲಿ ವಿವರಿಸಿದ್ದಾರೆ.

ಕರ್ನಾಟಕ ಸಂಗೀತದ ಕೇಳ್ಮೆ ಇರುವವರಿಗೆ ಇದನ್ನು ತಿಶ್ರ ನಡೆಯೆಂದರೆ ಸಾಕು. ನಾಲ್ಕು ಎಣಿಕೆ, ಪ್ರತಿ ಎಣಿಕೆಗೂ ಒಂದು ‘ತಕಿಟ’. ಬಲಗೈ ಹೈ-ಹ್ಯಾಟ್ (ಜೋಡಿ ತಾಳ) ಮೇಲೆ ‘ತ’ ಮತ್ತು ‘ಟ’ಗಳನ್ನು ನುಡಿಸುತ್ತದೆ, ನಡುವಿನ ‘ಕಿ’ ಎಡಗೈಯ ಪಾಲು, ಅದೂ ಸ್ನೇರ್ ಎಂಬ ಚಿಕ್ಕ ಡ್ರಮ್ಮಿನ ಮೇಲೆ ಕೇಳಿಯೂ ಕೇಳದಷ್ಟು ಮೆಲ್ಲಗೆ. ಇದಕ್ಕೆ ಘೋಸ್ಟ್ ನೋಟ್ ಎನ್ನುತ್ತಾರೆ. ಮೂರನೆಯ ಎಣಿಕೆಯ ‘ತ’ಕ್ಕೆ ಮಾತ್ರ ಅದೇ ಎಡಗೈ ಸ್ನೇರ್ ಅನ್ನು ಜೋರಾಗಿ ಹೊಡೆಯಬೇಕು, ಮತ್ತು ಹೊಡೆದ ಮರುಕ್ಷಣವೇ ಬರುವ ‘ಕಿ’ಯನ್ನು ಮತ್ತೆ ಪಿಸುಗುಟ್ಟಬೇಕು. ಹಾಡಿನ ವೇಗ ನಿಮಿಷಕ್ಕೆ ಸುಮಾರು 170 ಎಣಿಕೆ, ಅಂದರೆ ಸೆಕೆಂಡಿಗೆ ಎಂಟಕ್ಕೂ ಹೆಚ್ಚು ಅಕ್ಷರ. ಒಂದಡಿ ಎತ್ತರದಿಂದ ಬಿದ್ದ ಕೋಲನ್ನು ಅಷ್ಟರೊಳಗೆ ಚರ್ಮದಿಂದ ಅರ್ಧ ಅಂಗುಲದಲ್ಲಿ ಹಿಡಿದು ನಿಲ್ಲಿಸುವುದೇ ಈ ಬೀಟಿನ ಇಡೀ ಕಷ್ಟ. ಕಾಲಿನ ಪಾಠ ಇದರ ಮುಂದೆ ಏನೂ ಅಲ್ಲ, ಒಂದು ವಾರದ ಕೆಲಸ.

ನಾನು ಮಾಡಿದ್ದು ತಿರುವುಮುರುವು. ಜೋರು ಪೆಟ್ಟುಗಳನ್ನು ಮೊದಲು ಕೂರಿಸಿ, ಮೆಲ್ಲನೆಯವನ್ನು ಆಮೇಲೆ ಸಂದಿಗಳಲ್ಲಿ ತುರುಕಲು ಹೋದೆ. ಎಲ್ಲ ಪೆಟ್ಟುಗಳೂ ಒಂದೇ ತೂಕದಲ್ಲಿ ಬೀಳತೊಡಗಿದವು. ಅಡುಗೆಮನೆಯಿಂದ ಅವ್ವ, “ಏನಪಾ, ರೊಟ್ಟಿ ಬಡಿಯಾಕತ್ತೀಯೇನು?” ಎಂದು ಕೇಳಿದ ದಿನ ಫೋನಿನಲ್ಲಿ ರೆಕಾರ್ಡ್ ಮಾಡಿ ಕೇಳಿದೆ. ಅವ್ವ ಹೇಳಿದ್ದರಲ್ಲಿ ಒಂದಕ್ಷರವೂ ಉತ್ಪ್ರೇಕ್ಷೆಯಿರಲಿಲ್ಲ.

ಆಮೇಲೆ ಜೋರು ಪೆಟ್ಟನ್ನು ಪೂರ್ತಿ ಕೈಬಿಟ್ಟು, ಎಣಿಕೆಗೆ ಟಿಕ್ ಎನ್ನುವ ಮೆಟ್ರೊನೋಮ್ ಅನ್ನು ನಿಮಿಷಕ್ಕೆ 80ಕ್ಕೆ ಇಳಿಸಿ, ಎಡಗೈಯಲ್ಲಿ ಬರೀ ‘ಕಿ’ ನುಡಿಸುತ್ತ ಹದಿನೈದು ದಿನ ಕುಳಿತೆ. ಮಣಿಕಟ್ಟು ಸಡಿಲವಾದ ಬಳಿಕ ಮೂರನೆಯ ಎಣಿಕೆಗೆ ಪೆಟ್ಟನ್ನು ಸೇರಿಸಿ, ವೇಗವನ್ನು ವಾರಕ್ಕೆ ಆರೇಳರಷ್ಟು ಏರಿಸುತ್ತ ಹೋದೆ. ಯಾವ ವೇಗದಲ್ಲಿ ‘ಕಿ’ಯ ಸದ್ದು ದಪ್ಪವಾಗುತ್ತದೆಯೋ ಅಲ್ಲಿಗೆ ಆ ವಾರದ ಏರಿಕೆ ಮುಗಿಯಿತೆಂದು ಲೆಕ್ಕ. ವಿಡಿಯೊಗಳಲ್ಲಿ ಮೂರು ದಿನಕ್ಕೆ ಕಲಿಸುತ್ತೇವೆ ಎನ್ನುವವರು ಹೇಳಿಕೊಡುವುದು ಪೆಟ್ಟುಗಳ ಕ್ರಮವನ್ನು. ಕ್ರಮವನ್ನಾದರೆ ಅರ್ಧ ಗಂಟೆಯಲ್ಲೇ ಕಲಿಯಬಹುದು.

ಅಂದಹಾಗೆ, ಆ ಆರು ತಿಂಗಳು ನಾಲ್ಕೆಂಟು ಆವರ್ತ ನುಡಿಸುವ ಮಟ್ಟದ ಮಾತು. ಹಾಡು ಇರುವುದು ಐದೂವರೆ ನಿಮಿಷ. ಮೊದಲ ಸಲ ಅದರ ಜೊತೆ ನುಡಿಸಲು ಕುಳಿತಾಗ ಎರಡನೆಯ ಚರಣಕ್ಕೇ ನನ್ನ ಎಡ ಮುಂಗೈ ಕಲ್ಲಾಗಿತ್ತು, ‘ಕಿ’ ಮತ್ತೆ ರೊಟ್ಟಿಯಾಗಿತ್ತು. ಹಾಗಾಗಿ ನಿಮ್ಮ ಲೆಕ್ಕಕ್ಕೆ ಇನ್ನೊಂದು ತಿಂಗಳನ್ನು ಸೇರಿಸಿಕೊಳ್ಳಿ.