ಕೋಟೆ ಹತ್ತುವ ಮುಂಚೆಯೇ ಮ್ಯಾಪ್ ಇಳಿಸಿಕೊಳ್ಳಿ

ಬೆಂಗಳೂರಿನಿಂದ ಚಿತ್ರದುರ್ಗಕ್ಕೆ ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಸುಮಾರು 200 ಕಿ.ಮೀ. ತುಮಕೂರು, ಶಿರಾ, ಹಿರಿಯೂರು ದಾಟುವವರೆಗೂ ಮೊಬೈಲ್ ಡೇಟಾ ನಮಗೆ ಕೈಕೊಡಲಿಲ್ಲ. ಹಿಂದಿನ ಸೀಟಿನಲ್ಲಿ ಕೂತ ತಂಗಿ ನನ್ನ ಫೋನಿನ ಹಾಟ್‌ಸ್ಪಾಟ್ ಹಾಕಿಕೊಂಡು ಆಫೀಸಿನ ಕೆಲಸ ಮುಗಿಸಿಯೇಬಿಟ್ಟಳು. ಆದರೆ ವಿಡಿಯೊ ಮೀಟಿಂಗ್ ಇದ್ದರೆ ಓಡುವ ಕಾರನ್ನು ನಂಬಬೇಡಿ. ಟವರಿನಿಂದ ಟವರಿಗೆ ದಾಟುವಾಗ ಮಾತು ಕಡಿಯುತ್ತದೆ. ತಿಂಡಿಗೆ ನಿಲ್ಲಿಸಿದಾಗ ಮಾತಾಡಿಕೊಳ್ಳಿ.

ದುರ್ಗದ ಕೋಟೆಯೊಳಗೆ ಮಾತ್ರ ಲೆಕ್ಕವೇ ಬೇರೆ. ಏಳು ಸುತ್ತಿನ ಆ ಕೋಟೆ ನಿಂತಿರುವುದೇ ಹೆಬ್ಬಂಡೆಗಳ ನಡುವೆ, ಬಂಡೆ ಸಿಗ್ನಲ್ಲಿಗೆ ಗೋಡೆ ಇದ್ದ ಹಾಗೆ. ಓಬವ್ವನ ಕಿಂಡಿಯ ಸಂದಿಯಲ್ಲಿ ನಿಂತಾಗ ನನ್ನ ಫೋನಿನಲ್ಲಿ 5ಜಿ ಹೋಗಿ 4ಜಿ ಬಂತು, ಆಮೇಲೆ ಗೀಟುಗಳೇ ಮಾಯ. ನಾಲ್ಕು ಹೆಜ್ಜೆ ಬಯಲಿಗೆ ಬಂದೊಡನೆ ತಡೆದಿದ್ದ ಮೆಸೇಜುಗಳೆಲ್ಲ ಒಟ್ಟಿಗೆ ಟಣ್ ಟಣ್ ಎಂದವು. ತಂಗಿಯದು ಬೇರೆ ಕಂಪನಿಯ ಸಿಮ್. ನನ್ನದು ನಿಂತ ಕಡೆ ಅವಳದು ಓಡಿತು, ಗೋಪಾಲಸ್ವಾಮಿ ಹೊಂಡದ ಹತ್ತಿರ ಅದೇ ತಿರುಗುಮುರುಗು. ಹಾಗಾಗಿ ಜೊತೆಯಲ್ಲಿ ಹೋಗುವವರ ಬಳಿ ಎರಡು ಬೇರೆ ಬೇರೆ ಕಂಪನಿಯ ಸಿಮ್ ಇರಲೇಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಸಿಗ್ನಲ್ ಹುಡುಕುತ್ತಾ ಹುಡುಕುತ್ತಾ ಫೋನ್ ಬ್ಯಾಟರಿಯನ್ನು ತಿಂದುಹಾಕುತ್ತದೆ. ಕೋಟೆಯೊಳಗೆ 5ಜಿ ಆಫ್ ಮಾಡಿ 4ಜಿಗೆ ಇಟ್ಟುಕೊಳ್ಳಿ. ಜಿಪಿಎಸ್ ಬರುವುದು ಉಪಗ್ರಹದಿಂದ, ಅದಕ್ಕೆ ಡೇಟಾ ಬೇಡ. ಲಾಡ್ಜಿನ ವೈಫೈನಲ್ಲೇ ಗೂಗಲ್ ಮ್ಯಾಪಿನ ಆ ಭಾಗವನ್ನು ಇಳಿಸಿಕೊಂಡಿದ್ದರೆ ನೀಲಿ ಚುಕ್ಕಿ ನೀವೆಲ್ಲಿದ್ದೀರಿ ಎಂದು ತೋರಿಸುತ್ತದೆ. ನಡೆಯುವ ದಾರಿಯನ್ನು ಮಾತ್ರ ಆಫ್‌ಲೈನಿನಲ್ಲಿ ಅದು ಹೇಳುವುದಿಲ್ಲ, ಅದಕ್ಕೆ ಗೈಡೇ ಮೇಲು. ಗೈಡಿಗೆ, ಎಳನೀರಿಗೆ ಚಿಲ್ಲರೆ ಜೇಬಿನಲ್ಲಿರಲಿ. ಸ್ಕ್ಯಾನ್ ಮಾಡಿ ಚಕ್ರ ತಿರುಗುವುದನ್ನು ನೋಡುತ್ತಾ ಬಿಸಿಲಲ್ಲಿ ನಿಲ್ಲುವ ಕಷ್ಟ ಯಾರಿಗೂ ಬೇಡ. ಬ್ಯಾಂಕಿನಲ್ಲಿ ನೋಂದಾಯಿಸಿದ ನಂಬರಿನಿಂದ *99# ಒತ್ತಿದರೆ ಡೇಟಾ ಇಲ್ಲದೆಯೂ ಯುಪಿಐ ನಡೆಯುತ್ತದೆ, ಆದರೆ ಅದಕ್ಕೂ ಕರೆ ಹೋಗುವಷ್ಟು ಸಿಗ್ನಲ್ ಬೇಕು.

ಫೋಟೊಗಳು ತಾವಾಗಿಯೇ ಕ್ಲೌಡಿಗೆ ಹೋಗುವ ಸೆಟ್ಟಿಂಗನ್ನು ಹೊರಡುವಾಗಲೇ ನಿಲ್ಲಿಸಿ. ದಿನಕ್ಕೆ ಒಂದೂವರೆ ಜಿಬಿ ಪ್ಯಾಕ್ ಇದ್ದವರಿಗೆ ಮಧ್ಯಾಹ್ನದೊಳಗೆ ಎಲ್ಲ ಖಾಲಿ.

ಅಲ್ಲಿಂದ ದಾವಣಗೆರೆಗೆ ಸುಮಾರು 60 ಕಿ.ಮೀ. ಊರೊಳಗೆ ನೆಟ್ ಚೆನ್ನಾಗಿದೆ, ಬೆಣ್ಣೆದೋಸೆ ಅದಕ್ಕಿಂತ ಚೆನ್ನಾಗಿದೆ. ವಾಪಸ್ ರೈಲಿನಲ್ಲಿ ಬರುವವರು ನಿಲ್ದಾಣದಲ್ಲಿ ರೈಲ್‌ವೈರ್ ವೈಫೈ ನೋಡಿ, ದಿನಕ್ಕೆ ಮೊದಲ ಅರ್ಧ ಗಂಟೆ ಉಚಿತ. ಓಟಿಪಿ ಎಸ್ಸೆಮ್ಮೆಸ್ಸಿನಲ್ಲಿ ಬರುವುದರಿಂದ ಡೇಟಾ ಮುಗಿದಿದ್ದರೂ ಲಾಗಿನ್ ಆಗಬಹುದು. ಬ್ಯಾಂಕಿನ ವ್ಯವಹಾರ ಮಾತ್ರ ಅದರಲ್ಲಿ ಬೇಡ.